ಸೈಲೆನ್ಸರ್ ಬದಲಿಸಿದ ಮೇಲೆ ಕಾರೊಳಗೆ ‘ಗೂಂ’ ಸದ್ದೇ? ಮ್ಯಾಟ್‌ಗೆ ದುಡ್ಡು ಸುರಿಯುವ ಮುನ್ನ ಇದನ್ನು ಓದಿ

ಹಾಸನ: ಊರೊಳಗೆ ಓಡಿಸುವಾಗ ಏನೂ ತೊಂದರೆ ಇಲ್ಲ. ಶಿರಾಡಿ ಘಾಟಿ ಹತ್ತಿಳಿದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಚನ್ನರಾಯಪಟ್ಟಣ ದಾಟಿ ಹಿರೀಸಾವೆ ಕಡೆ ನಾಲ್ಕು ಪಥದ ರಸ್ತೆಯಲ್ಲಿ ಟಾಪ್ ಗೇರ್ ಹಾಕಿ 80-90ರಲ್ಲಿ ನಿಂತಿದ್ದೇ ತಡ, ಕಾರಿನ ಒಳಗೆ ‘ಗೂಂ…’ ಅಂತ ಒಂದೇ ಸಮನೆ ಶುರುವಾಗುತ್ತದೆ. ಮಾತಾಡಿದರೆ ಪಕ್ಕದವರಿಗೆ ಕೇಳುವುದಿಲ್ಲ, ಕಿವಿ ಕಟ್ಟಿದಂತೆ ಅನಿಸುತ್ತದೆ. ನೆಲಮಂಗಲ ಮುಟ್ಟುವ ಹೊತ್ತಿಗೆ ತಲೆ ಹಿಡಿದುಕೊಂಡಿರುತ್ತದೆ. ಹೊರಗೆ ನಿಂತವರನ್ನು ಕೇಳಿದರೆ ‘ಅಂಥಾ ಸದ್ದೇನೂ ಇಲ್ವಲ್ಲ’ ಅಂತಾರೆ.

ಹೊರಗಿನ ಕಂಪನಿಯ ಅಥವಾ ಲೋಕಲ್ ಸೈಲೆನ್ಸರ್ ಹಾಕಿಸಿಕೊಂಡ ಬಹಳಷ್ಟು ಕಾರುಗಳ ಕಥೆ ಇದು. ಇಂಗ್ಲಿಷಿನಲ್ಲಿ ಇದಕ್ಕೆ ಡ್ರೋನ್ ಅಂತಾರೆ. ಮದುವೆ ವಿಡಿಯೋದವರು ಹಾರಿಸುವ ಡ್ರೋನ್ ಅಲ್ಲ. ಹರಿಕಥೆಗೆ ಶ್ರುತಿಪೆಟ್ಟಿಗೆ ಹಿಡಿದ ಹಾಗೆ ಏರಿಳಿತವಿಲ್ಲದೆ ಎಳೆಯುವ ತಗ್ಗು ದನಿ. ನಮ್ಮ ಗ್ಯಾರೇಜುಗಳಲ್ಲಿ ‘ಬೂಮಿಂಗ್’ ಅಂದರೆ ಬೇಗ ಅರ್ಥವಾಗುತ್ತದೆ.

ಇದೆಲ್ಲ ಶೋಕಿಗೆ ದೊಡ್ಡ ಸೈಲೆನ್ಸರ್ ಹಾಕಿಸಿದ ಹುಡುಗರ ತಲೆನೋವು ಅಂದುಕೊಳ್ಳಬೇಡಿ. ತಾಲ್ಲೂಕಿನಲ್ಲಿ ಹೆಚ್ಚಿನವರು ಸೈಲೆನ್ಸರ್ ಬದಲಿಸುವುದು ಹಳೆಯದು ತುಕ್ಕು ಹಿಡಿದು ಉದುರಿದ ಮೇಲೆ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಬರುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ದೂರ ಓಡಿದ ಕಾರಿನಲ್ಲಿ ಪೈಪು ಕಾದು ಆವಿಯೆಲ್ಲ ಹೊರಟುಹೋಗುತ್ತದೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಅಂತ ಎರಡು ಮೂರು ಕಿಲೋಮೀಟರ್ ಓಡುವ ಕಾರಿನಲ್ಲಿ ಹಿಂದಿನ ಡಬ್ಬಿ ಬಿಸಿಯೇ ಆಗುವುದಿಲ್ಲ. ನೀರು ಅಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ. ಸಕಲೇಶಪುರದ ಮಳೆ ಹೊರಗಿನಿಂದ ತಿನ್ನುತ್ತದೆ. ಕಂಪನಿ ಸೈಲೆನ್ಸರ್ ರೇಟು ಕೇಳಿ ಬೆಚ್ಚಿಬಿದ್ದು, ‘ಲೋಕಲ್‌ದು ಹಾಕಿ ಸಾರ್, ಏನೂ ಆಗಲ್ಲ’ ಅನ್ನುವ ಮಾತಿಗೆ ತಲೆಯಾಡಿಸಿ ಬರುವವರೇ ಜಾಸ್ತಿ.

ಆಮೇಲೆ ಗೂಂ ಸದ್ದು. ಆಮೇಲೆ ಆಕ್ಸೆಸರೀಸ್ ಅಂಗಡಿಯಲ್ಲಿ ಡಿಕ್ಕಿಗೆ, ನೆಲಕ್ಕೆ, ಬಾಗಿಲಿಗೆಲ್ಲ ಡ್ಯಾಂಪಿಂಗ್ ಮ್ಯಾಟ್. ಸೈಲೆನ್ಸರ್‌ಗಿಂತ ಹೆಚ್ಚು ಖರ್ಚು ಅದಕ್ಕೇ ಆಗಿ, ಸದ್ದು ಮಾತ್ರ ಇದ್ದ ಹಾಗೇ ಇರುತ್ತದೆ. ಮ್ಯಾಟ್ ಕೆಟ್ಟದ್ದು ಅಂತಲ್ಲ, ಈ ಕಾಯಿಲೆಗೆ ಅದು ಮದ್ದಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸದ್ದು ಎಲ್ಲಿ ಹುಟ್ಟುತ್ತದೆ ಅಂತ ನೋಡಬೇಕು.

ಆರ್‌ಪಿಎಂ ಒಂದು, ಸದ್ದು ಒಂದು

ಕಾರಿನ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ. ನಾಲ್ಕು ಸಿಲಿಂಡರ್ ಇದ್ದರೆ ಒಂದು ಸುತ್ತಿಗೆ ಎರಡು ಸಲ, ಮೂರು ಸಿಲಿಂಡರ್ ಇದ್ದರೆ ಒಂದು ಸುತ್ತಿಗೆ ಒಂದೂವರೆ ಸಲ. ಪ್ರತಿ ಸಲ ಉರಿದಾಗಲೂ ಸೈಲೆನ್ಸರ್ ಪೈಪಿಗೆ ಒಂದು ಗುದ್ದು. ಈ ಗುದ್ದುಗಳು ಸೆಕೆಂಡಿಗೆ ಎಷ್ಟು ಬೀಳುತ್ತವೆ ಅನ್ನುವುದೇ ಸದ್ದಿನ ಹರ್ಟ್ಜ್.

ಲೆಕ್ಕ ಸುಲಭ. ನಾಲ್ಕು ಸಿಲಿಂಡರ್ ಕಾರಾದರೆ ಮೀಟರಿನಲ್ಲಿ ತೋರಿಸುವ ಆರ್‌ಪಿಎಂ ಅನ್ನು 30ರಿಂದ ಭಾಗಿಸಿ, ಮೂರು ಸಿಲಿಂಡರ್ ಆದರೆ 40ರಿಂದ. 2,700 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಕಾರು 90 ಹರ್ಟ್ಜ್ ಸದ್ದು ಹೊರಡಿಸುತ್ತದೆ, ಮೂರು ಸಿಲಿಂಡರ್ ಕಾರು 67ರ ಆಸುಪಾಸು. ನಿಮ್ಮ ಕಾರು ಎಷ್ಟು ಸಿಲಿಂಡರಿನದು ಅಂತ ಖಾತ್ರಿ ಮಾಡಿಕೊಳ್ಳಿ. ಹೆಸರು ಒಂದೇ ಇದ್ದರೂ ಎಂಜಿನ್ ಬದಲಾಗಿರುತ್ತದೆ. ಉದಾಹರಣೆಗೆ ಪೆಟ್ರೋಲ್ ಸ್ವಿಫ್ಟ್‌ಗೆ ವರ್ಷಗಟ್ಟಲೆ ನಾಲ್ಕು ಸಿಲಿಂಡರ್ ಇತ್ತು, 2024ರಲ್ಲಿ ಬಂದ ಹೊಸ ಸ್ವಿಫ್ಟ್‌ಗೆ ಮೂರೇ.

ಈಗ ಕಾರಿನ ಒಳಭಾಗ. ಖಾಲಿ ಕೊಡದೊಳಗೆ ಬಾಯಿಟ್ಟು ಗುನುಗಿ ನೋಡಿ. ದನಿ ಏರಿಸುತ್ತಾ ಇಳಿಸುತ್ತಾ ಹೋದರೆ ಯಾವುದೋ ಒಂದು ಸ್ವರಕ್ಕೆ ಕೊಡ ತಾನೇ ದನಿಗೂಡಿಸಿ ‘ಗುಂ’ ಅನ್ನುತ್ತದೆ. ಉಳಿದ ಸ್ವರಗಳಿಗೆ ಸುಮ್ಮನಿರುತ್ತದೆ. ಗಾಜು ಏರಿಸಿದ ಕಾರು ಕೂಡ ಅಂಥದ್ದೇ ಒಂದು ದೊಡ್ಡ ಕೊಡ. ಸಣ್ಣ ಹ್ಯಾಚ್‌ಬ್ಯಾಕ್‌ನ ಒಳಗೆ ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಎರಡರಿಂದ ಎರಡೂವರೆ ಮೀಟರ್. ಅಷ್ಟು ಉದ್ದದ ಗಾಳಿ ತಾನಾಗೇ ದನಿಗೂಡಿಸುವುದು ಸುಮಾರು 70ರಿಂದ 85 ಹರ್ಟ್ಜ್‌ಗೆ. ನಾಲ್ಕು ಸಿಲಿಂಡರ್ ಕಾರಿಗೆ ಅದು 2,100ರಿಂದ 2,550 ಆರ್‌ಪಿಎಂ. ಮೂರು ಸಿಲಿಂಡರಿಗೆ 2,800ರಿಂದ 3,400. ಅಂದರೆ ಹೆದ್ದಾರಿಯಲ್ಲಿ ನಾವು ಹೆಚ್ಚು ಹೊತ್ತು ಇರುವ ಜಾಗವೇ. ಕಾರು ಕಂಪನಿಯವರಿಗೆ ಇದು ಗೊತ್ತು. ಹಾಗಾಗಿ ಸೈಲೆನ್ಸರ್ ಡಬ್ಬಿಯೊಳಗೆ ಗೋಡೆ, ಕೋಣೆ, ತೂತು ಪೈಪು ಇಟ್ಟು ಆ ತಗ್ಗು ಸದ್ದನ್ನೇ ಗುರಿಯಿಟ್ಟು ತಗ್ಗಿಸಿರುತ್ತಾರೆ. ಡಬ್ಬಿ ಅಷ್ಟು ದಪ್ಪ, ಅಷ್ಟು ಭಾರ ಇರುವುದಕ್ಕೆ ಕಾರಣ ಅದು.

ಹೊರಗೆ ಸಿಗುವ ಡಬ್ಬಿಗಳಲ್ಲಿ ಬಹುಪಾಲು ‘ಸ್ಟ್ರೈಟ್ ಥ್ರೂ’. ನಡುವೆ ನೇರವಾಗಿ ಹೋಗುವ ತೂತು ತೂತಿನ ಒಂದು ಪೈಪು, ಸುತ್ತ ಗ್ಲಾಸ್ ವುಲ್. ಈ ವುಲ್ ಕೀರಲು ಸದ್ದನ್ನು ಚೆನ್ನಾಗಿ ಹೀರುತ್ತದೆ, ತಗ್ಗು ಸದ್ದನ್ನು ಹಾಗೇ ಬಿಡುತ್ತದೆ. ಹೊರಗೆ ನಿಂತವರಿಗೆ ಸದ್ದು ಹಿತವಾಗಿ ಕೇಳಿ, ಒಳಗಿದ್ದವರಿಗೆ ಮಾತ್ರ ಹಿಂಸೆ ಆಗುವುದು ಇದರಿಂದ. ವರ್ಷ ಕಳೆದಂತೆ ವುಲ್ ಸುಟ್ಟು, ಉದುರಿ, ಹೊಗೆಯ ಜೊತೆ ಹಾರಿಹೋಗುತ್ತದೆ. ‘ಮೊದಲು ಚೆನ್ನಾಗಿತ್ತು, ಈಗೀಗ ಜಾಸ್ತಿ ಆಗಿದೆ’ ಅನ್ನುವವರ ಕಾರಿನಲ್ಲಿ ಡಬ್ಬಿ ತಟ್ಟಿದರೆ ಖಾಲಿ ತಗಡಿನ ದನಿ ಬರುವುದು ಅದಕ್ಕೆ.

ಘಾಟಿಯಲ್ಲಿ ಯಾಕೆ ಗೊತ್ತಾಗುವುದಿಲ್ಲ ಅಂದರೆ ಅಲ್ಲಿ ಗೇರು ಬದಲಾಗುತ್ತಲೇ ಇರುತ್ತದೆ, ಆರ್‌ಪಿಎಂ ಒಂದು ಕಡೆ ನಿಲ್ಲುವುದಿಲ್ಲ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಒಂದೇ ಸಮನೆ ತಳ್ಳಿದರೆ ಮಾತ್ರ ಅದು ಮೇಲೆ ಮೇಲೆ ಏರುತ್ತದಲ್ಲ, ಹಾಗೆ.

ಇನ್ನು ಮ್ಯಾಟಿನ ವಿಷಯ. 90 ಹರ್ಟ್ಜ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 3.8 ಮೀಟರ್, ಅಂದರೆ ಒಂದು ಚಿಕ್ಕ ಕಾರಿನಷ್ಟು. ಅದನ್ನು ಒಂದು ಸೆಂಟಿಮೀಟರ್ ಫೋಮ್ ಹೀರಲು ಸಾಧ್ಯವಿಲ್ಲ. ಅಂಟಿಸುವ ಕಪ್ಪು ಬ್ಯುಟೈಲ್ ಶೀಟ್ ತಗಡು ಅದುರುವುದನ್ನು ತಡೆಯುತ್ತದೆ. ಡಿಕ್ಕಿಯ ನೆಲ, ಸ್ಟೆಪ್ನಿ ಗುಂಡಿ ಅದುರಿ ಸದ್ದು ಹುಟ್ಟುತ್ತಿದ್ದರೆ ಅಷ್ಟರಮಟ್ಟಿಗೆ ಉಪಯೋಗ. ಟೈರಿನ ಸದ್ದು, ಮಳೆ ಸದ್ದು ಕಡಿಮೆಯಾಗಬಹುದು. ಹಾಗಾಗಿ ಮ್ಯಾಟ್ ಹಾಕಿಸಿದವರಿಗೆ ‘ಏನೋ ಸ್ವಲ್ಪ ಕಮ್ಮಿ ಆಯ್ತು’ ಅನಿಸಿ, ಮರುವಾರ ಬೆಂಗಳೂರು ರಸ್ತೆಯಲ್ಲಿ ಅದೇ ಗೂಂ ಕೇಳುತ್ತದೆ.

ಗ್ಯಾರೇಜಿಗೆ ಹೋಗುವ ಮುನ್ನ

ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಸಂಚಾರ ಕಡಿಮೆ ಇರುವ ಹೊತ್ತಲ್ಲಿ ಒಂದು ಸುತ್ತು ಹೋಗಿ. ಸದ್ದು ಯಾವ ಆರ್‌ಪಿಎಂಗೆ ಶುರುವಾಗುತ್ತದೆ, ಎಲ್ಲಿ ತಾರಕಕ್ಕೇರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಪಕ್ಕದವರು ಬರೆದುಕೊಳ್ಳಲಿ. ಅದೇ ಆರ್‌ಪಿಎಂ ಅನ್ನು ನಾಲ್ಕನೇ ಗೇರಲ್ಲೂ ನೋಡಿ. ಗೇರು, ವೇಗ ಬೇರೆಯಾದರೂ ಅದೇ ಆರ್‌ಪಿಎಂಗೆ ಸದ್ದು ಬಂದರೆ ಅದು ಎಂಜಿನ್-ಸೈಲೆನ್ಸರ್ ಕಡೆಯದು. ಆರ್‌ಪಿಎಂ ಏನೇ ಇದ್ದರೂ ಒಂದೇ ವೇಗಕ್ಕೆ ಬಂದರೆ ಅದು ಚಕ್ರದ ಬೇರಿಂಗ್ ಅಥವಾ ಟೈರು, ಸೈಲೆನ್ಸರ್ ತಪ್ಪಲ್ಲ. ಈ ಒಂದು ಪರೀಕ್ಷೆ ಮಾಡದೆ ಸೈಲೆನ್ಸರ್ ಬಿಚ್ಚಿಸಿದವರು ಎಷ್ಟೋ ಜನ ಇದ್ದಾರೆ.

ಹಿಂದಿನ ಸೀಟಿನವರಿಗೆ ಒರಗಿ ಕೂತಾಗ ಜೋರಾಗಿ ಕೇಳಿ, ಬೆಲ್ಟ್ ಇದ್ದಂತೆಯೇ ಸ್ವಲ್ಪ ಮುಂದಕ್ಕೆ ಬಾಗಿದರೆ ಸದ್ದು ತಗ್ಗಿದಂತೆ ಅನಿಸಿದರೆ, ಮೇಲೆ ಹೇಳಿದ ‘ಕೊಡದ ದನಿ’ ಅದೇ. ಆ ಅಲೆ ಕಾರಿನ ಎರಡು ತುದಿಯಲ್ಲಿ ಜೋರು, ನಡುವೆ ಕಡಿಮೆ. ಫೋನಿನಲ್ಲಿ ಸ್ಪೆಕ್ಟ್ರಮ್ ಅನಲೈಸರ್ ಆ್ಯಪ್ ಹಾಕಿಕೊಂಡರೆ ಹರ್ಟ್ಜ್ ನೇರವಾಗಿ ಕಾಣುತ್ತದೆ. ಇಲ್ಲದಿದ್ದರೂ ನಷ್ಟವಿಲ್ಲ, ಆರ್‌ಪಿಎಂ ಸಾಕು.

ಮೊದಲು ಅಗ್ಗದ ಕಾರಣಗಳು

ಗೂಂ ಸದ್ದೆಲ್ಲ ಡಬ್ಬಿಯ ದೋಷವಲ್ಲ. ಸೈಲೆನ್ಸರ್ ಕಾರಿನ ಬಾಡಿಗೆ ತಾಗದಂತೆ ರಬ್ಬರಿನಲ್ಲಿ ನೇತಾಡಬೇಕು. ಲೋಕಲ್ ಫಿಟ್ಟಿಂಗಿನಲ್ಲಿ ಕೊಕ್ಕೆ ಸರಿಯಾದ ಜಾಗಕ್ಕೆ ಬಾರದೆ ರಬ್ಬರು ಎಳೆದು ಬಿಗಿಯಾಗಿರುತ್ತದೆ, ಅಥವಾ ಪೈಪು ಎಲ್ಲೋ ಒಂದು ಕಡೆ ಆ್ಯಕ್ಸಲ್ಲಿಗೋ ಶಾಖ ತಡೆಯುವ ತಗಡಿಗೋ ತಾಗಿಕೊಂಡಿರುತ್ತದೆ. ಆಗ ಎಂಜಿನ್ನಿನ ಅದುರು ನೇರವಾಗಿ ಬಾಡಿಗೆ ಹೋಗಿ ಇಡೀ ಕಾರೇ ತಬಲಾ ಆಗುತ್ತದೆ. ಎಂಜಿನ್ ತಣ್ಣಗಿರುವಾಗ ಡಬ್ಬಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಎಲ್ಲ ಕಡೆಗೂ ಸಲೀಸಾಗಿ ಆಡಬೇಕು, ಎಲ್ಲೂ ಟಕ್ ಅನ್ನಬಾರದು. ಪೈಪು ಕಾದಾಗ ಉದ್ದ ಆಗುತ್ತದೆ ಅನ್ನುವುದು ನೆನಪಿರಲಿ. ತಣ್ಣಗಿದ್ದಾಗ ಬೆರಳು ತೂರುವಷ್ಟೂ ಜಾಗ ಇಲ್ಲದಿದ್ದರೆ ಓಡುವಾಗ ತಾಗಿಯೇ ತಾಗುತ್ತದೆ. ರಬ್ಬರು ಬಿರುಕು ಬಿಟ್ಟಿದ್ದರೆ ಬದಲಿಸಿ. ಇಡೀ ರಿಪೇರಿಯಲ್ಲಿ ಅತಿ ಅಗ್ಗದ ಸಾಮಾನು ಅದು. ಮುಂದೆ ಎಂಜಿನ್ ಮೌಂಟಿಂಗ್ ಕುಸಿದಿದ್ದರೂ ಇದೇ ಲಕ್ಷಣ. ಎಂಜಿನ್ ಹತ್ತಿರದ ಜಾಲರಿ ಸುತ್ತಿದ ಫ್ಲೆಕ್ಸಿಬಲ್ ಪೈಪಿನ ಜಾಗಕ್ಕೆ ಗಟ್ಟಿ ಪೈಪ್ ವೆಲ್ಡ್ ಮಾಡಿದ್ದರಂತೂ ಕೇಳುವುದೇ ಬೇಡ, ಅದನ್ನು ಮೊದಲು ಸರಿ ಮಾಡಿಸಿ.

ಇನ್ನೊಂದು, ನಡುವಿನ ಚಿಕ್ಕ ಡಬ್ಬಿ. ಹಲವು ಕಾರುಗಳಿಗೆ ಹಿಂದಿನ ದೊಡ್ಡ ಡಬ್ಬಿಯಲ್ಲದೆ ನಡುವೆ ರೆಸೊನೇಟರ್ ಎಂಬ ಇನ್ನೊಂದು ಇರುತ್ತದೆ. ತುಕ್ಕು ಹಿಡಿದಾಗ ಅದನ್ನು ಕತ್ತರಿಸಿ ನೇರ ಪೈಪು ಹಾಕಿ ‘ಮೈಲೇಜ್ ಬರುತ್ತೆ ಸಾರ್’ ಅನ್ನುವವರಿದ್ದಾರೆ. ಮೈಲೇಜಿನ ಮಾತು ಹಾಗಿರಲಿ, ಗೂಂ ಸದ್ದು ಖಂಡಿತ ಬರುತ್ತದೆ. ಕಾರಿನಡಿ ಬಗ್ಗಿ ನೋಡಿ. ಅದು ಇಲ್ಲವಾಗಿದ್ದರೆ ವಾಪಸ್ ಹಾಕಿಸುವುದರಿಂದಲೇ ಅರ್ಧ ಕೆಲಸ ಮುಗಿಯಬಹುದು.

ಸದ್ದಿಗಿಂತ ದೊಡ್ಡ ಅಪಾಯ: ಲೀಕ್

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗೂಂ ಸದ್ದು ತಲೆನೋವು ತರುತ್ತದೆ. ಆದರೆ ಕಾರಲ್ಲಿ ಕೂತಾಗ ಬರುವ ತಲೆನೋವೆಲ್ಲ ಸದ್ದಿನದ್ದಲ್ಲ.

ಸೈಲೆನ್ಸರ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಲ್ಲಿ ಹೋದರೆ ರಕ್ತ ಆಮ್ಲಜನಕ ಹೊರುವುದನ್ನು ತಡೆಯುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು, ಆಮೇಲೆ ಪ್ರಜ್ಞೆ ತಪ್ಪುವುದು. ಹಿಂದಿನ ಸೀಟಲ್ಲಿ ಮಲಗಿದ ಮಗು ನಿದ್ದೆ ಮಾಡುತ್ತಿದೆಯೋ, ಹೊಗೆಗೆ ಮಂಪರು ಹತ್ತಿದೆಯೋ ಮುಂದೆ ಕೂತವರಿಗೆ ಗೊತ್ತಾಗುವುದಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಿದ್ದು ಬಿಸಿಯಾಗಿದ್ದರೆ ಈ ಅನಿಲ ಬಹಳ ಕಡಿಮೆ. ಎಂಜಿನ್ ತಣ್ಣಗಿದ್ದಾಗ ಅಥವಾ ಕನ್ವರ್ಟರ್ ಕೆಟ್ಟಿದ್ದಾಗ, ತೆಗೆಸಿ ಹಾಕಿದಾಗ ಜಾಸ್ತಿ.

ಹೊಸ ಸೈಲೆನ್ಸರ್ ಫಿಟ್ಟಿಂಗಿನಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ಒಂದು, ಜೋಡಣೆಯಲ್ಲಿ ಅಥವಾ ವೆಲ್ಡಿಂಗಿನಲ್ಲಿ ಸಣ್ಣ ತೂತು ಉಳಿಯುವುದು. ಎರಡು, ಹೊಗೆ ಬಿಡುವ ಬಾಯಿ ಬಂಪರಿನಿಂದ ಹೊರಕ್ಕೆ ಬಾರದೆ ಕಾರಿನ ಅಡಿಯಲ್ಲೇ ಮುಗಿಯುವುದು. ಹೊಗೆ ಕಾರಿನಡಿ ಸುತ್ತಿ ಡಿಕ್ಕಿಯ ರಬ್ಬರ್ ಸಂದಿಯಿಂದ, ನೆಲದ ರಬ್ಬರ್ ಮುಚ್ಚಳಗಳಿಂದ, ತುಕ್ಕು ತಿಂದ ತೂತುಗಳಿಂದ ಒಳಗೆ ಬರುತ್ತದೆ. ಡಿಕ್ಕಿ ಅರ್ಧ ತೆರೆದು ಸಾಮಾನು ಕಟ್ಟಿಕೊಂಡು ಹೋಗುವವರು ಇದನ್ನು ಇನ್ನೂ ಗಮನಿಸಬೇಕು. ಓಡುವ ಕಾರಿನ ಹಿಂದೆ ಗಾಳಿ ಸುಳಿದು ಹೊಗೆಯನ್ನು ಒಳಕ್ಕೇ ಎಳೆಯುತ್ತದೆ. ಅಂಗಡಿ ಸಾಮಾನು ತರುವ ನಮ್ಮವರಲ್ಲಿ ಈ ರೂಢಿ ಇದೆ.

ಪರೀಕ್ಷೆ ಕಷ್ಟವೇನಲ್ಲ. ಬೆಳಿಗ್ಗೆ ಬಯಲಲ್ಲಿ ಗಾಡಿ ನಿಲ್ಲಿಸಿ, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಕೂಡಲೇ ಜೋಡಣೆಗಳ ಮೇಲೆ ಸೋಪಿನ ನೀರು ಚಿಮುಕಿಸಿದರೆ ಲೀಕ್ ಇದ್ದಲ್ಲಿ ಗುಳ್ಳೆ ಏಳುತ್ತದೆ. ಮೆಕ್ಯಾನಿಕ್ ದಪ್ಪ ಕೈಗವಸು ಹಾಕಿ ಹಿಂದಿನ ಬಾಯಿಗೆ ಬಟ್ಟೆ ಅರೆಕ್ಷಣ ಒತ್ತಿದರೆ ಸಂದಿಯಿಂದ ‘ಸ್‌ಸ್’ ಅನ್ನುವುದು ಕೇಳುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿ ಹಿಡಿದಿದ್ದರೂ ಲೀಕ್ ಅಂತಲೇ ಅರ್ಥ. ಕಾರೊಳಗೆ ಹೊಗೆ ವಾಸನೆ ಬರುತ್ತಿದ್ದರೆ ಪರೀಕ್ಷೆಯೂ ಬೇಡ, ಮೊದಲು ಸರಿಪಡಿಸಿ. ಪ್ರಯಾಣದಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು, ವಾಕರಿಕೆ ಶುರುವಾದರೆ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರೂ ಇಳಿದು ಗಾಳಿಗೆ ನಿಂತು ಆಸ್ಪತ್ರೆಗೆ ಹೋಗಿ. ಎಸಿ ಹಾಕಿಕೊಂಡು ನಿಂತ ಕಾರಲ್ಲಿ ನಿದ್ದೆ ಮಾಡುವುದು ಯಾವ ಸೈಲೆನ್ಸರ್ ಇದ್ದರೂ ಬೇಡ.

ಎಲ್ಲ ಸರಿಯಿದ್ದೂ ಸದ್ದು ನಿಲ್ಲದಿದ್ದರೆ

ರಬ್ಬರು, ಲೀಕ್, ನಡುವಿನ ಡಬ್ಬಿ ಎಲ್ಲ ಸರಿಯಿದೆ. ಆದರೂ ಗೂಂ. ಈಗ ದಾರಿ ಎರಡು.

ನಮ್ಮ ಕೇಳಿದರೆ ಮೊದಲನೆಯದೇ ಸರಿ: ಕಂಪನಿಯ ಡಬ್ಬಿಯನ್ನೇ ಹಾಕಿಸುವುದು. ರೇಟು ಹೆಚ್ಚು, ನಿಜ. ಆದರೆ ಲೋಕಲ್ ಡಬ್ಬಿ, ಮ್ಯಾಟ್, ಎರಡು ಮೂರು ಸಲ ವೆಲ್ಡಿಂಗ್, ಅಷ್ಟು ಸಲ ಅಂಗಡಿಗೆ ರಜೆ ಹಾಕಿ ಓಡಾಡಿದ್ದು ಎಲ್ಲ ಕೂಡಿಸಿ ನೋಡಿ. ಕಂಪನಿ ಡಬ್ಬಿಯ ಮಾದರಿಯಲ್ಲೇ ಒಳಗೆ ಕೋಣೆಗಳಿರುವ, ಅದೇ ಕಾರಿಗೆಂದು ಮಾಡಿದ ಡಬ್ಬಿಗಳೂ ಮಾರುಕಟ್ಟೆಯಲ್ಲಿವೆ. ‘ಯಾವ ಕಾರಿಗಾದರೂ ಆಗುತ್ತೆ’ ಅನ್ನುವ ಡಬ್ಬಿಗಿಂತ ಅವು ಎಷ್ಟೋ ವಾಸಿ. ಕೈಯಲ್ಲಿ ಎತ್ತಿ ನೋಡಿ, ಹಗುರವಾದದ್ದು ಬೇಡ. ಒಂದು ಬಾಯಿಂದ ನೋಡಿದರೆ ಇನ್ನೊಂದು ಬಾಯಿಯ ಬೆಳಕು ನೇರವಾಗಿ ಕಂಡರೆ ಅದು ಸ್ಟ್ರೈಟ್ ಥ್ರೂ.

ಎರಡನೆಯದು ಬುದ್ಧಿವಂತಿಕೆಯ ಉಪಾಯ, ಹೊರದೇಶಗಳ ಕಾರು ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿದೆ. ಮುಖ್ಯ ಪೈಪಿನ ಪಕ್ಕಕ್ಕೆ ಕೊನೆ ಮುಚ್ಚಿದ ಒಂದು ಕವಲು ಪೈಪು ಕೂರಿಸುವುದು. ಗ್ಯಾಸು ಅದರ ಮೂಲಕ ಹೊರಗೆ ಹೋಗುವುದಿಲ್ಲ, ಸದ್ದಿನ ಅಲೆ ಮಾತ್ರ ಒಳಗೆ ಹೋಗಿ, ಮುಚ್ಚಿದ ತುದಿಗೆ ಬಡಿದು ವಾಪಸ್ ಬರುತ್ತದೆ. ಪೈಪಿನ ಉದ್ದ ಅಲೆಯ ಉದ್ದದ ಸರಿಯಾಗಿ ಕಾಲುಭಾಗ ಇದ್ದರೆ, ವಾಪಸ್ ಬಂದ ಅಲೆ ಮುಖ್ಯ ಪೈಪಿನ ಅಲೆಗೆ ಉಲ್ಟಾ ಆಗಿರುತ್ತದೆ. ಇದರ ಏರಿಗೆ ಅದರ ಇಳಿ. ಎರಡೂ ಸೇರಿ ಆ ಒಂದು ಸದ್ದು ಸಾಯುತ್ತದೆ, ಉಳಿದ ಸದ್ದು ಹಾಗೇ ಇರುತ್ತದೆ. ಇಂಗ್ಲಿಷ್ ‘ಜೆ’ ಅಕ್ಷರದ ಹಾಗೆ ಬಗ್ಗಿಸಿ ಕೂರಿಸುವುದರಿಂದ ಜೆ ಪೈಪ್ ಅಂತಲೂ ಕರೆಯುತ್ತಾರೆ.

ಉದ್ದದ ಲೆಕ್ಕದಲ್ಲೇ ಎಲ್ಲ ಇರುವುದು. ತಣ್ಣನೆ ಗಾಳಿಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತದೆ, 300 ಡಿಗ್ರಿ ಕಾದ ಗ್ಯಾಸಿನಲ್ಲಿ ಸುಮಾರು 480. ಕವಲು ಪೈಪಿನಲ್ಲಿ ಗ್ಯಾಸು ಹರಿಯುವುದಿಲ್ಲವಾದ್ದರಿಂದ ಅದು ಮುಖ್ಯ ಪೈಪಿನಷ್ಟು ಕಾಯುವುದಿಲ್ಲ, ತೀರಾ ತಣ್ಣಗೂ ಇರುವುದಿಲ್ಲ. 90 ಹರ್ಟ್ಜ್‌ಗೆ ಉದ್ದ 95 ಸೆಂಟಿಮೀಟರಿಗೂ 133 ಸೆಂಟಿಮೀಟರಿಗೂ ನಡುವೆ ಎಲ್ಲೋ ಇರುತ್ತದೆ. ಶುರುವಿಗೆ 11,000ವನ್ನು ಹರ್ಟ್ಜ್‌ನಿಂದ ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ ಅಂತ ಇಟ್ಟುಕೊಳ್ಳಿ: 90ಕ್ಕೆ 122. ಅಲ್ಲಿಂದ ಮುಂದೆ ಕಾಗದದ ಲೆಕ್ಕ ಸಾಲದು, ರಸ್ತೆಯಲ್ಲೇ ಹೊಂದಿಸಬೇಕು. ಒಂದು ಪೈಪಿನೊಳಗೆ ಇನ್ನೊಂದು ತೂರುವ ಹಾಗೆ ಮಾಡಿ, ಕ್ಲ್ಯಾಂಪ್ ಹಾಕಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಓಡಿಸಿ, ಸದ್ದು ಎಲ್ಲಿ ಸಾಯುತ್ತದೆ ನೋಡಿ, ಆಮೇಲೆ ವೆಲ್ಡ್ ಮಾಡಿಸಬೇಕು. ಮೊದಲೇ ವೆಲ್ಡ್ ಮಾಡಿದರೆ ಅದೃಷ್ಟ ಇದ್ದರೆ ಉಂಟು. ಕವಲು ಹಿಂದಿನ ಬಾಯಿಯ ಹತ್ತಿರ ಬೇಡ, ಅಲ್ಲಿ ಅಲೆಯ ಒತ್ತಡ ಕಡಿಮೆ; ಹಿಂದಿನ ಡಬ್ಬಿಗೆ ಮುಂಚೆ ಒಳ್ಳೆಯದು. ದಪ್ಪ ಮುಖ್ಯ ಪೈಪಿನಷ್ಟೇ ಇರಲಿ. ಮುಚ್ಚಿದ ತುದಿ ಸ್ವಲ್ಪ ಮೇಲಕ್ಕೆ ಇದ್ದರೆ ನೀರು ನಿಲ್ಲುವುದಿಲ್ಲ.

ಮೂರು ಸಿಲಿಂಡರ್ ಕಾರಿನವರಿಗೆ ಇಲ್ಲೊಂದು ತೊಡಕು. 67 ಹರ್ಟ್ಜ್‌ಗೆ ಇದೇ ಲೆಕ್ಕದಲ್ಲಿ 160 ಸೆಂಟಿಮೀಟರ್ ದಾಟುತ್ತದೆ. ಚಿಕ್ಕ ಕಾರಿನಡಿ ಅಷ್ಟುದ್ದದ ಪೈಪು ಕೂರಿಸಲು ಜಾಗ ಎಲ್ಲಿದೆ? ನಮ್ಮ ಹಳ್ಳಿ ರಸ್ತೆಯ ಹಂಪುಗಳಿಗೆ ಮೊದಲ ದಿನವೇ ಬಡಿಯುತ್ತದೆ. ಅಂಥ ಕಡೆ ಸಣ್ಣ ಕತ್ತಿನ, ಮುಚ್ಚಿದ ಡಬ್ಬಿಯನ್ನು ಕವಲಿಗೆ ಹಾಕುವ ಉಪಾಯವಿದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಅದೇ ತತ್ವ. ಆದರೆ ಕತ್ತಿನ ಅಗಲ, ಉದ್ದ, ಡಬ್ಬಿಯ ಗಾತ್ರ ಮೂರನ್ನೂ ಹೊಂದಿಸಬೇಕು, ಅಂದಾಜಿನಲ್ಲಿ ಆಗುವ ಕೆಲಸವಲ್ಲ. ಮೂರು ಸಿಲಿಂಡರ್ ಕಾರಿನವರು ಕಂಪನಿ ಡಬ್ಬಿಗೆ ವಾಪಸ್ ಹೋಗುವುದೇ ಮೇಲು.

ವೆಲ್ಡಿಂಗ್ ಅಂದಾಗ ಕೆಲವು ಮಾತು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸದೆ ಕಾರಿಗೆ ವೆಲ್ಡಿಂಗ್ ಮುಟ್ಟಿಸಬೇಡಿ, ಎಂಜಿನ್ ಕಂಟ್ರೋಲ್ ಯೂನಿಟ್‌ಗೆ ಪೆಟ್ಟು ಬೀಳಬಹುದು. ಹ್ಯಾಚ್‌ಬ್ಯಾಕ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗಿರುತ್ತದೆ, ಪೈಪು ಅದರ ಪಕ್ಕದಲ್ಲೇ ಹೋಗುತ್ತದೆ. ಹಾಗಾಗಿ ಪೈಪು ಬಿಚ್ಚಿ ಹೊರಗಿಟ್ಟು ವೆಲ್ಡ್ ಮಾಡುವುದೇ ಕ್ಷೇಮ. ಕೊಳಾಯಿಗೆ ಬಳಸುವ ಜಿಐ ಪೈಪು ಅಗ್ಗ ಅಂತ ಹಾಕಿಸಬೇಡಿ. ಅದರ ಸತುವಿನ ಲೇಪ ವೆಲ್ಡಿಂಗಿಗೆ ಸುಟ್ಟು ಏಳುವ ಬಿಳಿ ಹೊಗೆ ವೆಲ್ಡರ್‌ಗೆ ಜ್ವರ ಬರಿಸುತ್ತದೆ. ದುಡಿಯುವ ಹುಡುಗನ ಆರೋಗ್ಯ ನೂರಿನ್ನೂರು ರೂಪಾಯಿಯ ಉಳಿತಾಯಕ್ಕೆ ಹೋಗಬಾರದು.

ಇದೆಲ್ಲ ಆಗುವ ತನಕ ಏನು ಮಾಡುವುದು? ಗೂಂ ಬರುವ ಆರ್‌ಪಿಎಂ ಬಿಟ್ಟು ಓಡಿಸಿ. 80ರಲ್ಲಿ ಬಂದರೆ 70ಕ್ಕೆ ಇಳಿಸಿ. ಬೆಂಗಳೂರಿಗೆ ಅರ್ಧ ಗಂಟೆ ತಡವಾಗಬಹುದು, ಡೀಸೆಲ್-ಪೆಟ್ರೋಲ್ ಉಳಿಯುತ್ತದೆ.

ಕಾನೂನು ಏನು ಹೇಳುತ್ತದೆ

ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ವಾಹನಕ್ಕೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ಸ್ವರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ. ತಯಾರಕರು ಕೊಟ್ಟ ನಿರ್ದಿಷ್ಟತೆಗೆ ವಿರುದ್ಧವಾಗಿ ಬದಲಾವಣೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಬದಲಾವಣೆಗೆ 182ಎ ಸೆಕ್ಷನ್ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡೂ. ಶಬ್ದ, ಹೊಗೆ ಮಿತಿ ಮೀರಿದರೆ 190(2)ರ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮೂರು ತಿಂಗಳು ಲೈಸೆನ್ಸಿಗೂ ಕುತ್ತು. ಸೈಲೆನ್ಸರ್ ತಪ್ಪಿಸಿ ಹೊಗೆ ಬಿಡುವ ‘ಕಟ್ ಔಟ್’ ಇಟ್ಟುಕೊಂಡರೆ 194ಎಫ್ ಪ್ರಕಾರ ಮೊದಲ ಸಲ 1,000, ಮತ್ತೆ ಸಿಕ್ಕರೆ 2,000.

ಅಂದರೆ ತುಕ್ಕು ಹಿಡಿದದ್ದಕ್ಕೆ ಅದೇ ಬಗೆಯ ಡಬ್ಬಿ ಹಾಕಿಸುವುದು ರಿಪೇರಿ. ಸದ್ದಿಗೆಂದೇ ಹಾಕಿಸುವುದು ಅಪರಾಧ. ಜೆ ಪೈಪು ಸದ್ದು ತಗ್ಗಿಸುವುದಕ್ಕೇ ಆದರೂ ಅದೂ ಬದಲಾವಣೆಯೇ. ಹೊಸ ಕಾರಿನ ವಾರಂಟಿ, ಇನ್ಶೂರೆನ್ಸ್ ಕ್ಲೇಮಿಗೂ ಇದು ಅಡ್ಡ ಬರಬಹುದು. 2020ರ ಏಪ್ರಿಲ್ ನಂತರದ ಬಿಎಸ್6 ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್ ಇರುವ ಭಾಗವನ್ನು ಯಾರು ಏನೇ ಹೇಳಿದರೂ ಮುಟ್ಟಿಸಬೇಡಿ. ಕೈ ಹಾಕುವುದೇನಿದ್ದರೂ ಅದರ ಹಿಂದಿನ ಪೈಪಿಗೆ ಮಾತ್ರ.

ಅಂಗಡಿ, ಗ್ಯಾರೇಜಿನವರಿಗೆ

ಗೂಂ ಸದ್ದು ಅಂತ ಬಂದ ಗಿರಾಕಿಗೆ ಮ್ಯಾಟ್ ಮಾರುವುದು ಸುಲಭ. ಆದರೆ ಅವರು ಮತ್ತೆ ಬರುವುದು ಜಗಳಕ್ಕೇ. ‘ಟೈರ್ ಸದ್ದಿಗೆ ಆಗುತ್ತೆ, ಸೈಲೆನ್ಸರ್ ಗೂಂಗೆ ಆಗಲ್ಲ’ ಅಂತ ಮೊದಲೇ ಹೇಳಿಬಿಡಿ. ಸೈಲೆನ್ಸರ್ ಹಾಕುವವರು ಬಿಚ್ಚಿದ ಹಳೆ ಡಬ್ಬಿಯನ್ನು ಗಿರಾಕಿಗೇ ಕೊಡಿ. ಗಿರಾಕಿಗಳೂ ಅದನ್ನು ಕೂಡಲೇ ಗುಜರಿಗೆ ಹಾಕಬೇಡಿ. ಫ್ಲೇಂಜ್, ಕೊಕ್ಕೆಗಳ ಅಳತೆಗೆ ಅದು ಬೇಕಾಗುತ್ತದೆ, ತೂತು ಸಣ್ಣದಿದ್ದರೆ ಪ್ಯಾಚ್ ಹಾಕಿ ವಾಪಸ್ ಕೂರಿಸಲೂ ಬರುತ್ತದೆ.

ದುಡ್ಡು ಕೊಡುವ ಮೊದಲು ಇಬ್ಬರೂ ಕೂತು ಒಂದು ಸುತ್ತು ಓಡಿಸಿ ನೋಡುವ ಮಾತು ಮುಂಚೆಯೇ ಆಗಿರಲಿ. ಗ್ಯಾರೇಜಿನ ಮುಂದೆ ನಿಲ್ಲಿಸಿ ರೇಸ್ ಕೊಟ್ಟು ‘ನೋಡಿ ಸಾರ್, ಸೈಲೆಂಟ್’ ಅಂದರೆ ಆಗದು. ಟಾಪ್ ಗೇರಲ್ಲಿ ಹತ್ತು ಹದಿನೈದು ಕಿಲೋಮೀಟರ್, ಗಾಜು ಏರಿಸಿ, ನೀವು ಬರೆದಿಟ್ಟುಕೊಂಡ ಆರ್‌ಪಿಎಂನಲ್ಲಿ. ಹಿಂದಿನ ಸೀಟಲ್ಲಿ ಮೆಕ್ಯಾನಿಕ್ಕನ್ನೇ ಕೂರಿಸಿ.